ಸಿಲೋನ್ ಕಾಲನಿ ಪಕ್ಕದ ಕಾಲೇಜಿನಲ್ಲಿ ರೊಹಿಂಗ್ಯಾ ಉಪನ್ಯಾಸ: ಸಲಹೆ ಬೇಕು

ಅಡಕೆಹಾಳೆ | ನವೆಂಬರ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸುಳ್ಯ ತಾಲ್ಲೂಕಿನ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದೇನೆ. ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಅಂದು ನಾವು ಆರು ಜನ ಸೇರಿ ಒಂದು ಉಪನ್ಯಾಸ ಇಡಿಸಬೇಕೆಂದಿದ್ದೇವೆ. ಇದು ಕಾಲೇಜಿನ ಕಾರ್ಯಕ್ರಮವಲ್ಲ, ನಮ್ಮದೇ. ಕೈಯಲ್ಲಿರುವುದು 3,200 ರೂಪಾಯಿ. ವಿಷಯ ಮ್ಯಾನ್ಮಾರಿನ ರೊಹಿಂಗ್ಯಾ ಜನರದ್ದು.

ಕಳೆದ ವರ್ಷ ನಮ್ಮ ಹಿರಿಯ ವಿದ್ಯಾರ್ಥಿಗಳು ಉಕ್ರೇನ್ ಕುರಿತು ಹೀಗೆಯೇ ಒಂದು ಸಭೆ ಮಾಡಿದ್ದರು. ಹಾಜರಿ ಕೊಡುತ್ತೇವೆಂದು ಹೇಳಿ ಮೂರು ತರಗತಿಗಳನ್ನು ತಂದು ಕೂರಿಸಿದರು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿ ಪರಿಚಯ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಮುಗಿಯುವಾಗ ಐವತ್ತು ನಿಮಿಷ ಹೋಗಿತ್ತು. ಭಾಷಣಕಾರರು ಒಳ್ಳೆಯವರೇ, ಆದರೆ ವಿಶ್ವಸಂಸ್ಥೆಯ ರಚನೆಯಿಂದ ಶುರು ಮಾಡಿದರು. ಕೊನೆಗೆ "ಪ್ರಶ್ನೆಗಳಿದ್ದರೆ ಕೇಳಬಹುದು" ಎಂದಾಗ ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಒಂದೇ ಪ್ರಶ್ನೆ ಬಂತು, ಅದನ್ನೂ ಕೇಳಿದ್ದು ಉಪನ್ಯಾಸಕರು.

ಈ ಬಾರಿ ಹಾಗಾಗಬಾರದು. ಏನು ಮಾಡಬೇಕು? ಯಾರನ್ನು ಕರೆಯಬೇಕು? ಪ್ರಾಂಶುಪಾಲರ ಅನುಮತಿ ಇನ್ನೂ ಸಿಕ್ಕಿಲ್ಲ. "ನೋಡೋಣ" ಎಂದಿದ್ದಾರೆ. ಆ "ನೋಡೋಣ" ಯಾವ ಜಾತಿಯದೆಂದು ನಿಮಗೆಲ್ಲ ಗೊತ್ತಿದೆ.

ನೇರಮಾತು | ನವೆಂಬರ್ 9, ರಾತ್ರಿ 10:15

ತಂಗಿ, ಬೇಸರ ಮಾಡಿಕೊಳ್ಳಬೇಡ. ಸುಳ್ಯದಲ್ಲಿ ಕೂತು ಮ್ಯಾನ್ಮಾರಿನ ಚಿಂತೆ ಏಕೆ? ನಿಮ್ಮ ಊರಿನಲ್ಲಿ ಆನೆ ತೋಟಕ್ಕೆ ನುಗ್ಗುತ್ತದೆ, ಅಡಕೆಗೆ ಹಳದಿ ರೋಗ, ಬಸ್ಸಿಲ್ಲದ ಹಳ್ಳಿಗಳಿವೆ. ಅದರ ಬಗ್ಗೆ ಮಾತಾಡಿದರೆ ಸಭಾಂಗಣ ತಾನಾಗಿ ತುಂಬುತ್ತದೆ. ದೂರದ ನೋವಿಗೆ ಕಣ್ಣೀರು ಹಾಕುವುದು ಸುಲಭ, ಅದರಿಂದ ನಮಗೇನೂ ಖರ್ಚಿಲ್ಲ.

ಇನ್ನೊಂದು ಮಾತು. ಪ್ರಾಂಶುಪಾಲರನ್ನು ಬೈಯುವ ಮೊದಲು ಯೋಚಿಸು. 2016ರ ಆಗಸ್ಟಿನಲ್ಲಿ ಬೆಂಗಳೂರಿನ ಕಾಲೇಜೊಂದರ ಆವರಣದಲ್ಲಿ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಡಿಯಾ ಕಾಶ್ಮೀರದ ಕುಟುಂಬಗಳ ಬಗ್ಗೆ ಸಭೆ ಇಟ್ಟಿತು. ಘೋಷಣೆ ಕೂಗಿದರೆಂದು ದೂರು ಹೋಯಿತು, ರಾಜದ್ರೋಹದ ಪ್ರಕರಣ ದಾಖಲಾಯಿತು. ಕೊನೆಗೆ ಸಾಕ್ಷ್ಯವಿಲ್ಲವೆಂದು ಪೊಲೀಸರೇ ವರದಿ ಕೊಟ್ಟರು, ಆದರೆ ಅಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಯಾವ ಪ್ರಾಂಶುಪಾಲರಿಗೆ ಈ ತಲೆನೋವು ಬೇಕು?

ನಿವೃತ್ತ ಮೇಷ್ಟ್ರು | ನವೆಂಬರ್ 10, ಬೆಳಿಗ್ಗೆ 6:20

ಮೂವತ್ತೆರಡು ವರ್ಷ ರಾಜ್ಯಶಾಸ್ತ್ರ ಕಲಿಸಿದವನು ನಾನು, ಇಂತಹ ಸಭೆಗಳಲ್ಲಿ ಎದುರಿನ ಸಾಲಿನಲ್ಲಿ ಕೂತು ತೂಕಡಿಸಿದ ಅನುಭವವೂ ಧಾರಾಳವಾಗಿದೆ.

ನೇರಮಾತು ಅವರಿಗೆ ಒಂದು ವಿಷಯ. ದೂರದ್ದು, ಹತ್ತಿರದ್ದು ಎಂಬ ಗೆರೆ ನಮ್ಮ ದೇಶದ ಚರಿತ್ರೆಯಲ್ಲೇ ನಿಲ್ಲುವುದಿಲ್ಲ. ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ನಡೆಸಿಕೊಳ್ಳುವ ರೀತಿಯ ಕುರಿತು ಭಾರತ ವಿಶ್ವಸಂಸ್ಥೆಗೆ ದೂರು ಒಯ್ದಿತು. ಆ ದೇಶದೊಂದಿಗೆ ವ್ಯಾಪಾರವನ್ನೂ ನಿಲ್ಲಿಸಿತು. "ನಿಮ್ಮ ಊರಿನ ಬರಗಾಲ ನೋಡಿಕೊಳ್ಳಿ" ಎಂದು ಆಗಲೂ ಹೇಳಿದವರಿದ್ದಿರಬೇಕು. 1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ "ಎಲ್ಲ ಪುರುಷರು" ಎಂಬ ಅರ್ಥ ಬರುವ ಮಾತಿತ್ತು. ಅದನ್ನು "ಎಲ್ಲ ಮನುಷ್ಯರು" ಎಂದು ತಿದ್ದಿಸಿದ್ದು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಆದ್ದರಿಂದ ಅಂದಿನ ಕಾರ್ಯಕ್ರಮ ನಮಗೆ ಪರಕೀಯವೇನಲ್ಲ.

ಆದರೆ ಮಗಳೇ, ನೇರಮಾತು ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ರೊಹಿಂಗ್ಯಾ ಎಂದ ಕೂಡಲೇ ನಿನ್ನ ಸಹಪಾಠಿಗಳ ತಲೆಯಲ್ಲಿ ಟಿವಿ ಚರ್ಚೆಯ ಕೂಗಾಟ ಶುರುವಾಗುತ್ತದೆ. ಅವರು ಆಗಲೇ ಪರ ಅಥವಾ ವಿರೋಧ ಆಗಿ ಬಂದು ಕೂರುತ್ತಾರೆ. ಬಾಗಿಲು ಬೇರೆ ಕಡೆ ಹುಡುಕು. ನಿನ್ನ ಶೀರ್ಷಿಕೆಯಲ್ಲಿ "ಸಿಲೋನ್ ಕಾಲನಿ ಪಕ್ಕದ ಕಾಲೇಜು" ಎಂದು ಬರೆದಿರುವೆಯಲ್ಲ, ಆ ಕಾಲನಿ ಅಲ್ಲಿಗೆ ಹೇಗೆ ಬಂತೆಂದು ನಿನ್ನ ತರಗತಿಯಲ್ಲಿ ಎಷ್ಟು ಜನರಿಗೆ ಗೊತ್ತು?

ಅಡಕೆಹಾಳೆ | ನವೆಂಬರ್ 10, ಬೆಳಿಗ್ಗೆ 8:05

ಸರ್, ನಿಜ ಹೇಳುತ್ತೇನೆ. ನನಗೇ ಸರಿಯಾಗಿ ಗೊತ್ತಿಲ್ಲ. ಶ್ರೀಲಂಕಾದ ಯುದ್ಧದಲ್ಲಿ ಓಡಿಬಂದ ನಿರಾಶ್ರಿತರು ಎಂದುಕೊಂಡಿದ್ದೆ. ಬಸ್ಸಿನಲ್ಲಿ ತಮಿಳು ಮಾತಾಡುತ್ತಾರೆ, ನಮ್ಮ ಹತ್ತಿರ ತುಳು ಮತ್ತು ಕನ್ನಡ. ಶೀರ್ಷಿಕೆಯಲ್ಲಿ ಬರೆದದ್ದು ಜಾಗ ಗೊತ್ತಾಗಲಿ ಎಂದಷ್ಟೇ.

ರಬ್ಬರುಹಾಲು | ನವೆಂಬರ್ 10, ಮಧ್ಯಾಹ್ನ 1:30

ನಿರಾಶ್ರಿತರಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಂದು ಸಲ ಹೇಳುತ್ತೇನೆ.

ನಾನು ಆ ಕಾಲನಿಗಳಲ್ಲೊಂದರಲ್ಲಿ ಹುಟ್ಟಿ ಬೆಳೆದವನು. ಈಗ ಮಂಗಳೂರಿನಲ್ಲಿ ಕೆಲಸ. ನಮ್ಮ ಮುತ್ತಜ್ಜನ ಕಾಲದವರನ್ನು ಬ್ರಿಟಿಷರು ತಮಿಳುನಾಡಿನಿಂದ ಸಿಲೋನಿನ ಬೆಟ್ಟಗಳಿಗೆ ಕಾಫಿ, ಚಹಾ ತೋಟದ ಕೂಲಿಗೆಂದು ಕರೆದೊಯ್ದರು. ಮೂರು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಸತ್ತರು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷ ಅವರ ಪೌರತ್ವ ಕಾಯಿದೆ ಬಂತು. ತೋಟದ ತಮಿಳರಲ್ಲಿ ಬಹುತೇಕರು ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಮತದ ಹಕ್ಕೂ ಹೋಯಿತು.

ಆಮೇಲೆ 1964ರ ಅಕ್ಟೋಬರ್ 30ರಂದು ಎರಡೂ ದೇಶಗಳ ಪ್ರಧಾನಿಗಳಾದ ಶಾಸ್ತ್ರಿಯವರೂ ಸಿರಿಮಾವೋ ಬಂಡಾರನಾಯಿಕೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ಒಟ್ಟು 9,75,000 ಜನ ಎಂಬ ಲೆಕ್ಕ. 5,25,000 ಜನ ಭಾರತಕ್ಕೆ, 3,00,000 ಸಿಲೋನಿಗೆ, ಮಿಕ್ಕ 1,50,000 ಜನರ ವಿಚಾರ ಮುಂದೆ ನೋಡೋಣ. 1974ರಲ್ಲಿ ಆ ಮಿಕ್ಕವರನ್ನೂ ಅರ್ಧರ್ಧ ಮಾಡಿಕೊಂಡರು. ಏಳು ಜನರನ್ನು ಭಾರತ ತೆಗೆದುಕೊಂಡರೆ ನಾಲ್ಕು ಜನರಿಗೆ ಸಿಲೋನ್ ಪೌರತ್ವ ಕೊಡುವುದು. ಅಣ್ಣತಮ್ಮಂದಿರು ಅಡಕೆ ತೋಟ ಪಾಲು ಮಾಡುವಾಗಲೂ ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ.

ನಮ್ಮ ಅಜ್ಜಿ ಹಡಗಿನಲ್ಲಿ ತಲೈಮನ್ನಾರಿನಿಂದ ರಾಮೇಶ್ವರಕ್ಕೆ, ಅಲ್ಲಿಂದ ಮಂಡಪಂ ಶಿಬಿರಕ್ಕೆ, ಅಲ್ಲಿಂದ ಇಲ್ಲಿಗೆ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟದಲ್ಲಿ ಕೆಲಸ. ಚಹಾ ಎಲೆ ಕಿತ್ತ ಕೈಗೆ ಟ್ಯಾಪಿಂಗ್ ಕತ್ತಿ ಕೊಟ್ಟರು. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಮರದ ತೊಗಟೆ ಗೀರುವುದು, ಆಮೇಲೆ ಬಕೆಟ್ಟು ಹಿಡಿದು ಅದೇ ಮರಗಳನ್ನು ಸುತ್ತಿ ಹಾಲು ಸುರಿದುಕೊಳ್ಳುವುದು. ಸರಕಾರಿ ಕಡತದಲ್ಲಿ ಇವರ ಹೆಸರು "ತಾಯ್ನಾಡಿಗೆ ಮರಳಿದವರು". ಅಜ್ಜಿ ಕೇಳುತ್ತಿದ್ದರು: ನೋಡದ ಊರಿಗೆ ಮರಳುವುದು ಹೇಗಪ್ಪಾ?

ತಂಗಿ, ಸಲಹೆ ಕೇಳಿದ್ದೀರಿ, ಹೇಳುತ್ತೇನೆ. ನಮ್ಮ ಅಜ್ಜಿಯಂಥವರನ್ನು ವೇದಿಕೆ ಹತ್ತಿಸಿ, ಶಾಲು ಹೊದೆಸಿ, "ನಿಮ್ಮ ನೋವು ಹೇಳಿ" ಎಂದು ಮೈಕು ಕೊಡಬೇಡಿ. ನಮ್ಮ ಕಾಲನಿಗೆ ಇಂಥವರು ಬಂದಿದ್ದಾರೆ. ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮತ್ತೆ ಬರುವುದಿಲ್ಲ.

ಕೋಶಮೂಲೆ | ನವೆಂಬರ್ 10, ಸಂಜೆ 5:10

ರಬ್ಬರುಹಾಲು ಅವರ ಮೊದಲ ವಾಕ್ಯ ನನ್ನನ್ನು ಎಳೆದು ತಂದಿತು. ಪದಗಳ ಹುಚ್ಚು ನನಗೆ, ಕ್ಷಮಿಸಿ.

"ನಿರಾಶ್ರಿತ" ಎಂದರೆ ಆಶ್ರಯ ಇಲ್ಲದವನು. ಪತ್ರಿಕೆಗಳು ಮನೆ ಸುಟ್ಟು ಓಡಿಬಂದವನಿಗೂ ಅದನ್ನೇ ಬಳಸುತ್ತವೆ, ಅಣೆಕಟ್ಟಿನಲ್ಲಿ ಊರು ಮುಳುಗಿದವನಿಗೂ ಅದನ್ನೇ ಬಳಸುತ್ತವೆ, ಅರವತ್ತು ವರ್ಷದಿಂದ ಒಂದೇ ಮನೆಯಲ್ಲಿರುವವನಿಗೂ ಅದನ್ನೇ. ಯಾವ ದೇಶವೂ ತನ್ನವನೆಂದು ಒಪ್ಪದವನಿಗೆ ನಮ್ಮಲ್ಲಿ ರೂಢಿಯ ಪದವೇ ಇಲ್ಲ. "ಪೌರತ್ವಹೀನ" ಎಂದು ಬರೆಯುತ್ತಾರೆ, ಕೇಳಿದರೆ ನಡತೆಗೆಟ್ಟವನು ಎಂಬ ಧ್ವನಿ. "ನಾಡಿಲ್ಲದವರು" ಎನ್ನಬಹುದೇನೋ.

"ನರಮೇಧ" ಇನ್ನೊಂದು ತೊಡಕು. ಮೇಧ ಎಂದರೆ ಯಜ್ಞ, ಅಶ್ವಮೇಧದಲ್ಲಿರುವ ಹಾಗೆ. ಹೆಚ್ಚು ಜನ ಸತ್ತರೆ ಸಾಕು, ಪತ್ರಿಕೆಗಳು ನರಮೇಧ ಎನ್ನುತ್ತವೆ. ಆದರೆ 1948ರ ಡಿಸೆಂಬರ್ 9ರಂದು, ಅಂದರೆ ಮಾನವ ಹಕ್ಕುಗಳ ಘೋಷಣೆಗೆ ಒಂದು ದಿನ ಮೊದಲು, ಅಂಗೀಕಾರವಾದ ಒಡಂಬಡಿಕೆ ಸತ್ತವರ ಎಣಿಕೆಯನ್ನು ಕೇಳುವುದಿಲ್ಲ. ಒಂದು ಜನಾಂಗವನ್ನೋ ಧರ್ಮದವರನ್ನೋ ಪೂರ್ತಿಯಾಗಿ ಅಥವಾ ಭಾಗಶಃ ಇಲ್ಲವಾಗಿಸುವ ಉದ್ದೇಶವಿತ್ತೇ ಎಂದು ಕೇಳುತ್ತದೆ. ಹಾಗಾಗಿ "ಜನಾಂಗಹತ್ಯೆ" ವಾಸಿ. ಭಿತ್ತಿಪತ್ರ ಬರೆಯುವ ಮೊದಲು ಆರು ಜನರೂ ಕೂತು ಪದಗಳನ್ನು ನಿಶ್ಚಯಿಸಿಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೈಲಕುಪ್ಪೆ ಬಸ್ಸು | ನವೆಂಬರ್ 10, ರಾತ್ರಿ 9:00

ಮೂರು ತಲೆಮಾರು ಆಶ್ರಯದಲ್ಲಿದ್ದೂ ನಿರಾಶ್ರಿತಳಾಗಿರುವವಳು ಇಲ್ಲೊಬ್ಬಳಿದ್ದಾಳೆ, ಹಾಜರಿ ಹಾಕಿಕೊಳ್ಳಿ.

ನಾನು ಟಿಬೆಟನ್. ಹುಟ್ಟಿದ್ದು ಬೈಲಕುಪ್ಪೆಯಲ್ಲಿ, ಪದವಿ ಮೈಸೂರಿನಲ್ಲಿ. ನಮ್ಮ ತಾತ ಬಂದಾಗ ಆಗಿನ ಮೈಸೂರು ರಾಜ್ಯ ಕೊಟ್ಟದ್ದು ಸುಮಾರು 3,000 ಎಕರೆ ಕಾಡು. ಕಡಿದು ಜೋಳ ಬೆಳೆದರು. ಕಾಲೇಜಿನಲ್ಲಿ ಪ್ರತಿ ಮಾರ್ಚ್ 10ರಂದು ನಾವು ಟಿಬೆಟನ್ ವಿದ್ಯಾರ್ಥಿಗಳು 1959ರ ಲ್ಹಾಸಾ ದಂಗೆಯ ನೆನಪಿಗೆ ಸಭೆ ಮಾಡುತ್ತಿದ್ದೆವು. ಮೊದಲ ಎರಡು ವರ್ಷ ಬಂದವರು ನಾವೇ. ನಾವು ಹೇಳುತ್ತಿದ್ದೆವು, ನಾವೇ ಕೇಳುತ್ತಿದ್ದೆವು.

ಮೂರನೆಯ ವರ್ಷ ಭಾಷಣವನ್ನೇ ಕೈಬಿಟ್ಟೆವು. ಒಂದು ಮೇಜಿನ ಮೇಲೆ ನಮ್ಮ ನೋಂದಣಿ ಪ್ರಮಾಣಪತ್ರ ಇಟ್ಟೆವು, ವಿದೇಶಿಯರಿಗೆ ಕೊಡುವಂಥದ್ದು, ಆಗಾಗ ನವೀಕರಿಸಬೇಕು. ಪಕ್ಕದಲ್ಲಿ ಪಾಸ್‌ಪೋರ್ಟಿಗೆ ಬದಲಾಗಿ ಕೊಡುವ ಹಳದಿ ಹೊದಿಕೆಯ ಗುರುತಿನ ಪುಸ್ತಕ. ಇನ್ನೊಂದು ಪಕ್ಕದಲ್ಲಿ ಸ್ನೇಹಿತೆಯೊಬ್ಬಳ ಭಾರತೀಯ ಪಾಸ್‌ಪೋರ್ಟ್. "ಈ ಮೂರರ ವ್ಯತ್ಯಾಸ ಹೇಳಿ" ಎಂದು ಚೀಟಿ ಅಂಟಿಸಿದೆವು. ಎಷ್ಟು ಜನ ನಿಂತರು ಗೊತ್ತೇ? ನನ್ನ ಪಕ್ಕ ಎರಡು ವರ್ಷ ಕೂತ ಹುಡುಗಿ ನೋಂದಣಿ ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದಳು. ರಾಷ್ಟ್ರೀಯತೆ ಎಂಬಲ್ಲಿ "ಟಿಬೆಟನ್" ಎಂದಿದ್ದದ್ದನ್ನು ಓದಿ, "ನೀನು ಇಲ್ಲಿ ಹುಟ್ಟಿದ್ದಲ್ಲವೇ? ಇದೇಕೆ ಹೀಗೆ?" ಎಂದಳು. ಮೂರು ವರ್ಷಗಳಲ್ಲಿ ನಮಗೆ ಬಂದ ಮೊದಲ ನಿಜವಾದ ಪ್ರಶ್ನೆ ಅದು.

ಕರಿಕೋಟು | ನವೆಂಬರ್ 11, ಬೆಳಿಗ್ಗೆ 7:45

ಪುತ್ತೂರಿನಲ್ಲಿ ವಕೀಲ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡದೆ ಇರಲಾಗುತ್ತಿಲ್ಲ.

ನಮ್ಮ 1955ರ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಹುಟ್ಟಿನಿಂದಲೇ ಪೌರರು. ಆ ದಿನಾಂಕದ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪೌರರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಇನ್ನೂ ಬಿಗಿ: ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅಂದರೆ 1987ರ ಜೂನ್ 30ರಂದು ಬೈಲಕುಪ್ಪೆಯಲ್ಲಿ ಹುಟ್ಟಿದ ಮಗು ಭಾರತೀಯ. ಮರುದಿನ ಪಕ್ಕದ ಮಂಚದಲ್ಲಿ ಹುಟ್ಟಿದ್ದು ಅಲ್ಲ. ಈ ಮೊದಲ ಗುಂಪಿನ ಟಿಬೆಟನ್ನರ ವಿಷಯದಲ್ಲಿ 2010ರಲ್ಲಿ ದೆಹಲಿ ಹೈಕೋರ್ಟೂ 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅವರು ಪೌರರೇ ಎಂದು ಹೇಳಿವೆ.

ಸಿಲೋನಿನಿಂದ ಒಪ್ಪಂದದಡಿ ಬಂದವರದ್ದು ಬೇರೆ ಕಥೆ. ಅವರು ಅಲ್ಲಿಯೇ ಭಾರತೀಯ ಪಾಸ್‌ಪೋರ್ಟ್ ಪಡೆದು ಹಡಗು ಹತ್ತಿದವರು, ಕಾನೂನಿನಲ್ಲಿ ಪೂರ್ಣ ಪೌರರು. 1983ರ ನಂತರ ಯುದ್ಧದಿಂದ ತಪ್ಪಿಸಿಕೊಂಡು ಬಂದವರು ಇವರಿಂದ ಬೇರೆ. ಎರಡನ್ನೂ ಒಂದೇ ಎಂದುಕೊಂಡ ಗುಮಾಸ್ತರಿಂದ ಎಷ್ಟು ಜನ ಸುಮ್ಮನೆ ಅಲೆದಿದ್ದಾರೆ ಎಂಬುದಕ್ಕೆ ನನ್ನ ಕಪಾಟು ಸಾಕ್ಷಿ.

ಇನ್ನು ರೊಹಿಂಗ್ಯಾ. ಮ್ಯಾನ್ಮಾರಿನ 1982ರ ಪೌರತ್ವ ಕಾನೂನನ್ನು ಓದಿಕೊಂಡು ಬನ್ನಿ. ಆ ದೇಶದಲ್ಲಿ 135 ಜನಾಂಗಗಳ ಅಧಿಕೃತ ಪಟ್ಟಿಯಿದೆ, ಅದರಲ್ಲಿ ರೊಹಿಂಗ್ಯಾ ಹೆಸರಿಲ್ಲ. 2017ರ ಆಗಸ್ಟಿನಲ್ಲಿ ಸೇನೆಯ ಕಾರ್ಯಾಚರಣೆ ಶುರುವಾದ ಮೇಲೆ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಸುದ್ದಿಯಾಯಿತು. ಆದರೆ ಅದಕ್ಕೆ 35 ವರ್ಷ ಮೊದಲೇ ಒಂದು ಕಾನೂನಿನಿಂದ ಹೆಸರು ಬಿಟ್ಟುಹೋಗಿತ್ತು. 1948ರ ಸಿಲೋನ್, 1982ರ ಬರ್ಮಾ: ಮೊದಲು ಹೋದದ್ದು ಕಾಗದ. ಅಡಕೆಹಾಳೆ, ನಿಮ್ಮ ಉಪನ್ಯಾಸ ಇಲ್ಲಿಯೇ ಇದೆ. ಕಾಲನಿಯಿಂದ ಶುರು ಮಾಡಿ ಅರಾಕಾನಿಗೆ, ಅಂದರೆ ಮ್ಯಾನ್ಮಾರಿನ ರೊಹಿಂಗ್ಯಾ ಸೀಮೆಗೆ, ಹೋಗಿ.

ಭಾರತದ ನಿಲುವನ್ನು ಕೂಡ ಮರೆಮಾಚದೆ ಹೇಳಬೇಕು. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಜಮ್ಮುವಿನ ರೊಹಿಂಗ್ಯಾಗಳನ್ನು ಗಡೀಪಾರು ಮಾಡುವುದನ್ನು ತಡೆಯಲು 2021ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿತು, ನಿಯಮದ ಪ್ರಕಾರವೇ ಮಾಡಬೇಕೆಂದಿತು. ಒಪ್ಪುವವರೂ ಒಪ್ಪದವರೂ ಸಭೆಯಲ್ಲಿರುತ್ತಾರೆ. ಇಬ್ಬರೂ ಒಂದೇ ಸಂಗತಿಯನ್ನು ಮುಂದಿಟ್ಟುಕೊಂಡು ಜಗಳವಾಡಲಿ.

ಹೇಗ್ ಸೈಕಲ್ಲು | ನವೆಂಬರ್ 11, ಮಧ್ಯಾಹ್ನ 3:20

ನೆದರ್ಲೆಂಡ್ಸಿನ ಹೇಗ್‌ನಲ್ಲಿ ಹನ್ನೊಂದು ವರ್ಷದಿಂದ ಇರುವ ಶಿರಸಿಯವನು. 2019ರ ಡಿಸೆಂಬರ್ 10ರಂದೇ, ಇದನ್ನು ನಿಮ್ಮ ಭಿತ್ತಿಪತ್ರದಲ್ಲಿ ಹಾಕಿಕೊಳ್ಳಿ, ಇಲ್ಲಿನ ಪೀಸ್ ಪ್ಯಾಲೇಸ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ರೊಹಿಂಗ್ಯಾ ಪ್ರಕರಣದ ವಿಚಾರಣೆ ಆರಂಭಿಸಿತು. ಮ್ಯಾನ್ಮಾರಿನ ಮೇಲೆ ದಾವೆ ಹೂಡಿದ್ದು ಗ್ಯಾಂಬಿಯಾ! ಪಶ್ಚಿಮ ಆಫ್ರಿಕಾದ ಪುಟ್ಟ ದೇಶ, ಜನಸಂಖ್ಯೆ ನಿಮ್ಮ ಜಿಲ್ಲೆಗಿಂತ ಸ್ವಲ್ಪ ಹೆಚ್ಚು. ಅದರ ಆಗಿನ ನ್ಯಾಯಮಂತ್ರಿ ಅಬೂಬಕರ್ ತಂಬದು ಹಿಂದೆ ರುವಾಂಡಾದ ಜನಾಂಗಹತ್ಯೆಯ ವಿಚಾರಣೆ ನಡೆಸಿದ ನ್ಯಾಯಮಂಡಳಿಯ ಅಭಿಯೋಜನೆಯಲ್ಲಿ ಕೆಲಸ ಮಾಡಿದವರು. 2018ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಕ್ಕೆ ಹೋಗಿ ಜನರ ಮಾತು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಾನು ಆ ವಾರ ಕೆಲಸಕ್ಕೆ ಹೋಗುವಾಗ ಗೇಟಿನ ಮುಂದೆ ಸೈಕಲ್ ನಿಲ್ಲಿಸಿದೆ. ಒಂದು ಕಡೆ ರೊಹಿಂಗ್ಯಾಗಳು, ಇನ್ನೊಂದು ಕಡೆ ಮ್ಯಾನ್ಮಾರಿನ ಆಗಿನ ನಾಯಕಿ ಆಂಗ್ ಸಾನ್ ಸೂ ಕೀ ಅವರ ಚಿತ್ರ ಹಿಡಿದು ಜೈಕಾರ ಹಾಕುವವರು. ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ತಮ್ಮ ಸೇನೆಯ ಪರವಾಗಿ ಖುದ್ದು ವಾದಿಸಲು ಬಂದಿದ್ದರು. ಡಿಸೆಂಬರ್ 11ರ ಆ ಮಾತಿನಲ್ಲಿ, ಒಂದು ಸಶಸ್ತ್ರ ಗುಂಪಿನ ಹೆಸರು ಹೇಳುವಾಗ ಬಿಟ್ಟರೆ, ರೊಹಿಂಗ್ಯಾ ಎಂಬ ಪದವನ್ನೇ ಅವರು ಬಳಸಲಿಲ್ಲ. ಪಟ್ಟಿಯಲ್ಲಿಲ್ಲದ ಹೆಸರು ಬಾಯಲ್ಲೂ ಬರಲಿಲ್ಲ. 2020ರ ಜನವರಿ 23ರಂದು ನ್ಯಾಯಾಲಯ, ಉಳಿದಿರುವ ರೊಹಿಂಗ್ಯಾಗಳನ್ನು ರಕ್ಷಿಸಬೇಕು, ಸಾಕ್ಷ್ಯ ನಾಶ ಮಾಡಬಾರದು ಎಂದು ಮಧ್ಯಂತರ ಆದೇಶ ಕೊಟ್ಟಿತು.

ಬೇಕಿದ್ದರೆ ಆನ್‌ಲೈನ್‌ನಲ್ಲಿ ಹತ್ತು ನಿಮಿಷ ಮಾತಾಡುತ್ತೇನೆ, ಕನ್ನಡದಲ್ಲೇ.

ನೇರಮಾತು | ನವೆಂಬರ್ 11, ಸಂಜೆ 6:00

ಒಪ್ಪಿದೆ, ಕಾಲನಿಯ ವಿಷಯ ನನಗೂ ಗೊತ್ತಿರಲಿಲ್ಲ. ಆದರೆ ಹೇಗ್ ಅಣ್ಣನ ಆನ್‌ಲೈನ್ ಮಾತಿಗೆ ಕೇಂದ್ರದ ಅನುಮತಿ ಬೇಡವೇ? ಹಾಗೊಂದು ಸುತ್ತೋಲೆ ಬಂದ ನೆನಪು.

ಕರಿಕೋಟು | ನವೆಂಬರ್ 11, ಸಂಜೆ 6:40

ನೆನಪು ಸರಿಯಾಗಿದೆ. 2021ರ ಜನವರಿಯಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೆ ಹಾಗೊಂದು ನಿಯಮ ಬಂದಿತ್ತು: ದೇಶದ ಆಂತರಿಕ ವಿಷಯಗಳ ಅಂತರರಾಷ್ಟ್ರೀಯ ಆನ್‌ಲೈನ್ ಸಭೆಗೆ ಪೂರ್ವಾನುಮತಿ. ವಿಜ್ಞಾನಿಗಳೇ ಪ್ರತಿಭಟಿಸಿದರು, ಮುಂದಿನ ತಿಂಗಳೇ ಹಿಂತೆಗೆದುಕೊಂಡರು. ಈಗ ನಿಮಗೆ ಬೇಕಿರುವುದು ಪ್ರಾಂಶುಪಾಲರ ಸಹಿ ಮಾತ್ರ. ಬಾಯಿಮಾತಿನಲ್ಲಿ ಕೇಳಬೇಡಿ. ಬರವಣಿಗೆಯಲ್ಲಿ ವಿಷಯ, ಸಮಯ, ಮಾತಾಡುವವರ ಹೆಸರು, ಜವಾಬ್ದಾರಿ ಹೊರುವ ಉಪನ್ಯಾಸಕರ ಹೆಸರು ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರು ಬಿದ್ದ ಕಾಗದಕ್ಕೆ "ನೋಡೋಣ" ಎನ್ನುವುದು ಕಷ್ಟ.

ಮಿಷಿಗನ್ ಚಳಿ | ನವೆಂಬರ್ 12, ಬೆಳಿಗ್ಗೆ 5:30

ನಾನಿರುವ ಊರಿನ ಒಂದು ಕಥೆ ಹೇಳಿ ಹೋಗುತ್ತೇನೆ. 1965ರಲ್ಲಿ ಇಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು ವಿಯೆಟ್ನಾಂ ಯುದ್ಧದ ವಿರುದ್ಧ ಒಂದು ದಿನ ಪಾಠ ನಿಲ್ಲಿಸುತ್ತೇವೆ ಎಂದರು. ಗವರ್ನರ್ ಆದಿಯಾಗಿ ಎಲ್ಲರೂ ಹರಿಹಾಯ್ದರು. ಆಗ ಅವರು ಉಪಾಯ ಬದಲಿಸಿದರು: ಪಾಠ ನಿಲ್ಲಿಸುವುದಿಲ್ಲ, ರಾತ್ರಿಯಿಡೀ ಪಾಠ ಮಾಡುತ್ತೇವೆ. ಮಾರ್ಚ್ 24ರ ರಾತ್ರಿ ಎಂಟರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ ಸುಮಾರು 3,000 ಜನ ಸೇರಿದರು. ಬಾಂಬ್ ಬೆದರಿಕೆ ಬಂದು ಸಭಾಂಗಣ ಖಾಲಿ ಮಾಡಿಸಿದಾಗ ಹೊರಗೆ ಚಳಿಯಲ್ಲೇ ನಿಂತು ಮುಂದುವರಿಸಿದರು. ಅಲ್ಲಿಂದ ಅದು ದೇಶದ ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಹಬ್ಬಿತು.

ಅದರಲ್ಲಿ ನನಗೆ ಹಿಡಿಸಿದ್ದು ಗಾತ್ರವಲ್ಲ. ದೊಡ್ಡ ಭಾಷಣ ಮುಗಿದ ಮೇಲೆ ಜನ ಸಣ್ಣ ಸಣ್ಣ ಕೋಣೆಗಳಿಗೆ ಹಂಚಿಹೋಗಿ ಬೆಳಗಿನವರೆಗೆ ವಾದ ಮಾಡಿದರು. ನೀವೂ ಇಪ್ಪತ್ತು ನಿಮಿಷಕ್ಕೆ ಭಾಷಣ ಮುಗಿಸಿ, ಹತ್ತು ಹತ್ತು ಜನರ ಗುಂಪು ಮಾಡಿ. ನೂರು ಜನರ ಮುಂದೆ ಬಾಯಿ ಬಿಡದವರು ಹತ್ತು ಜನರಲ್ಲಿ ಬಿಡುತ್ತಾರೆ.

ನಿವೃತ್ತ ಮೇಷ್ಟ್ರು | ನವೆಂಬರ್ 12, ಬೆಳಿಗ್ಗೆ 6:15

ಚೀಟಿಗಳನ್ನು ಮರೆಯಬೇಡಿ. ಹೆಸರಿಲ್ಲದ ಚೀಟಿ, ಕನ್ನಡವೋ ತುಳುವೋ ತಮಿಳೋ, ಬಂದ ಭಾಷೆಯಲ್ಲಿ. ಸಭೆಗೆ ಮೊದಲೇ ಹಂಚಿ. ಮತ್ತು ಹಣ್ಣಿನ ಬುಟ್ಟಿಗೆ ಒಂದು ಪೈಸೆ ಖರ್ಚು ಮಾಡಬೇಡಿ, ಆ ಹಣದಲ್ಲಿ ಚಹಾ ಕೊಡಿ. ಚಹಾದ ಹೊತ್ತಿಗೆ ನಡೆಯುವ ಮಾತೇ ಸಭೆ.

ರಬ್ಬರುಹಾಲು | ನವೆಂಬರ್ 14, ರಾತ್ರಿ 10:50

ಎರಡು ದಿನ ಯೋಚಿಸಿದೆ. ಅಜ್ಜಿಯನ್ನು ಕರೆತರುವುದಿಲ್ಲ, ಅವರ ಕುಟುಂಬ ಕಾರ್ಡಿನ ನೆರಳಚ್ಚು ತರುತ್ತೇನೆ. ಹೆಸರು, ಸಂಖ್ಯೆಗಳ ಮೇಲೆ ಕಪ್ಪು ಕಾಗದ ಅಂಟಿಸಿರುತ್ತೇನೆ. ನಾನು ಮಾತಾಡುತ್ತೇನೆ, ಕಾಲನಿಯ ಪ್ರತಿನಿಧಿಯಾಗಿ ಅಲ್ಲ, ಇಲ್ಲಿ ಓದಿದ ಹಳೆಯ ವಿದ್ಯಾರ್ಥಿಯಾಗಿ. ಒಂದು ಷರತ್ತು: ಕಾರ್ಯಕ್ರಮದ ಫೋಟೋದಲ್ಲಿ ಆ ಕಾರ್ಡು ಬರಬಾರದು.

ಅಡಕೆಹಾಳೆ | ನವೆಂಬರ್ 15, ಬೆಳಿಗ್ಗೆ 7:10

ಅಣ್ಣಾ, ಒಪ್ಪಿದೆವು. ಷರತ್ತನ್ನು ಬರೆದು ಆರು ಜನರೂ ಸಹಿ ಹಾಕಿದ್ದೇವೆ.

ಅಡಕೆಹಾಳೆ | ಡಿಸೆಂಬರ್ 11, ರಾತ್ರಿ 8:30

ಮುಗಿಯಿತು. ನಿದ್ದೆ ತುಂಬಿದ ಕಣ್ಣಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅನುಮತಿ ಡಿಸೆಂಬರ್ 6ಕ್ಕೆ ಸಿಕ್ಕಿತು. ಶೀರ್ಷಿಕೆಯಲ್ಲಿ "ಮಾನವ ಹಕ್ಕು", "ರೊಹಿಂಗ್ಯಾ" ಎರಡೂ ಬೇಡ ಎಂದರು. "ಪೌರತ್ವ ಮತ್ತು ದಾಖಲೆಗಳು: ಒಂದು ಮಾಹಿತಿ ಕಾರ್ಯಕ್ರಮ" ಎಂದು ಬದಲಿಸಿದೆವು. ಸಿಟ್ಟು ಬಂದಿತ್ತು. ಆದರೆ ಆ ಹೆಸರು ನೋಡಿಯೇ ಕೆಲವರು ಬಂದರೆಂದು ಆಮೇಲೆ ಗೊತ್ತಾಯಿತು. ಮೌಲ್ಯಮಾಪನ ಸಮಿತಿಗೆ ತೋರಿಸಲು ಫೋಟೋ ಬೇಕೆಂದು ಕಾಲೇಜಿನವರು ಕೇಳಿದರು. ಖಾಲಿ ವೇದಿಕೆಯ ಹಿಂದೆ ಬ್ಯಾನರ್ ಹಿಡಿದು ನಿಂತು ಒಂದು ತೆಗೆಸಿದೆವು.

ಹಾಜರಿ ಕೊಡಲಿಲ್ಲ. 47 ಜನ ಬಂದರು. ಸ್ವಾಗತ ಎರಡು ನಿಮಿಷ. ಹೇಗ್ ಅಣ್ಣನ ಸಂಪರ್ಕ ನಾಲ್ಕನೆಯ ನಿಮಿಷಕ್ಕೆ ಕಡಿದುಹೋಯಿತು, "ಸೂ ಕೀ ಅವರು ಎದ್ದು ನಿಂತು..." ಎಂಬಲ್ಲಿಗೆ. ಉಳಿದದ್ದನ್ನು ಕರಿಕೋಟು ಸರ್ ಪೂರ್ತಿ ಮಾಡಿದರು. ಪುತ್ತೂರಿನಿಂದ ಬೈಕಿನಲ್ಲಿ ಬಂದಿದ್ದರು, ಪೆಟ್ರೋಲಿನ ಹಣವನ್ನೂ ತೆಗೆದುಕೊಳ್ಳಲಿಲ್ಲ.

ರಬ್ಬರುಹಾಲು ಅಣ್ಣ ಕಾರ್ಡಿನ ನೆರಳಚ್ಚನ್ನು ಕೈಯಿಂದ ಕೈಗೆ ದಾಟಿಸಿದರು. ಮಾಸಿದ ಟೈಪು ಅಕ್ಷರ, ಮಡಚಿದ ಕಡೆಯಲ್ಲೆಲ್ಲ ಗೀಟು, ಅಂಚಿನಲ್ಲಿ ಯಾರೋ ಪೆನ್ನಿನಿಂದ ತಿದ್ದಿದ ವಯಸ್ಸು. ಅದು ನಾಲ್ಕನೆಯ ಸಾಲಿಗೆ ಬಂದಾಗ ನನ್ನ ತರಗತಿಯ ಒಬ್ಬಳು ಅದನ್ನು ನೋಡಿ ಮೆಲ್ಲಗೆ, "ನಮ್ಮ ಮನೆಯಲ್ಲೂ ಇದೆ" ಎಂದಳು. ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದೇವೆ. ಅವಳ ಮನೆ ಎಲ್ಲಿ ಎಂದು ನಾನು ಕೇಳಿದಾಗಲೆಲ್ಲ ಬಸ್ ನಿಲ್ದಾಣದ ಹೆಸರು ಹೇಳುತ್ತಿದ್ದಳು, ಕಾಲನಿಯ ಹೆಸರಲ್ಲ.

ಜಗಳವೂ ಆಯಿತು. ಒಂದು ಗುಂಪಿನಲ್ಲಿ ಒಬ್ಬ ಹುಡುಗ, "ಸಿಲೋನಿನವರು ನಮ್ಮವರಾದ್ದರಿಂದ ತಂದೆವು, ರೊಹಿಂಗ್ಯಾಗಳನ್ನು ನಾವೇಕೆ ಇಟ್ಟುಕೊಳ್ಳಬೇಕು?" ಎಂದು ಬಿರುಸಾಗಿ ಕೇಳಿದ. ಕಾಲನಿಯ ಹುಡುಗಿ, "ನಮ್ಮವರು ಎಂದು ನೀನು ಇವತ್ತು ಹೇಳುತ್ತಿದ್ದೀ, ಆಟದ ಮೈದಾನದಲ್ಲಿ ಏನೆಂದು ಕರೆಯುತ್ತಿದ್ದೆ?" ಎಂದಳು. ಅವನು ಸುಮ್ಮನಾದ, ಆದರೆ ಅಭಿಪ್ರಾಯ ಬದಲಿಸಲಿಲ್ಲ. ಚಹಾದ ಹೊತ್ತಿಗೆ ಇಬ್ಬರೂ ಅದನ್ನೇ ಮುಂದುವರಿಸುತ್ತಿದ್ದರು.

ಚೀಟಿ 22 ಬಂದವು. ಐದು ರೊಹಿಂಗ್ಯಾ ಬಗ್ಗೆ, ಒಂದು ಪ್ಯಾಲೆಸ್ತೀನ್ ಬಗ್ಗೆ, ಒಂದರಲ್ಲಿ "ಚಹಾಕ್ಕೆ ಸಕ್ಕರೆ ಕಡಿಮೆ". ಮಿಕ್ಕವೆಲ್ಲ ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಹೆಸರಿನ ಕಾಗುಣಿತ. ನಾವು ಸಿದ್ಧ ಮಾಡಿಕೊಂಡು ಹೋದದ್ದು ಒಂದು, ಜನ ಕೇಳಿದ್ದು ಇನ್ನೊಂದು.

ಸಮಯ ಸಾಲದೆ ಉತ್ತರಿಸದೆ ಉಳಿದ ಒಂದು ಚೀಟಿಯನ್ನು ಇಲ್ಲಿ ಹಾಕುತ್ತಿದ್ದೇನೆ: "ಅಜ್ಜನ ಕಾರ್ಡಿನಲ್ಲಿ ಅಪ್ಪನ ಹೆಸರು ಒಂದು ರೀತಿ, ಅಪ್ಪನ ಶಾಲಾ ದಾಖಲೆಯಲ್ಲಿ ಇನ್ನೊಂದು ರೀತಿ, ಆಧಾರಿನಲ್ಲಿ ಮೂರನೆಯ ರೀತಿ. ಪ್ರಮಾಣಪತ್ರಕ್ಕೆ ಹೋದಾಗ ಮೂವರೂ ಒಬ್ಬರೇ ಎಂದು ರುಜುವಾತು ಮಾಡಿ ಎಂದು ವಾಪಸು ಕಳಿಸಿದರು. ಏನು ಮಾಡಬೇಕು?"

ನೇರಮಾತು | ಡಿಸೆಂಬರ್ 11, ರಾತ್ರಿ 9:05

ಆ ಹುಡುಗನ ಪ್ರಶ್ನೆ ನನ್ನದೂ ಹೌದು. ನನಗಿನ್ನೂ ಪೂರ್ತಿ ಉತ್ತರ ಸಿಕ್ಕಿಲ್ಲ. ಆದರೂ ಮುಂದಿನ ಸಲಕ್ಕೆ 500 ರೂಪಾಯಿ ನನ್ನದಿರಲಿ. ಸಕ್ಕರೆಗೆ.

ಕರಿಕೋಟು | ಡಿಸೆಂಬರ್ 11, ರಾತ್ರಿ 9:30

ಆ ಚೀಟಿ ಬರೆದವರಿಗೆ: ದಾಖಲೆಗಳ ಚಿತ್ರವನ್ನು ಇಲ್ಲಿ ಹಾಕಬೇಡಿ, ಯಾರಿಗೂ ವಾಟ್ಸ್‌ಆ್ಯಪ್ ಮಾಡಬೇಡಿ. ಅಜ್ಜನ ಮೂಲ ಕಾರ್ಡು, ಹಳೆಯ ಪಾಸ್‌ಪೋರ್ಟ್ ಉಳಿದಿದ್ದರೆ ಅದು, ಅಪ್ಪನ ಶಾಲೆಯ ವರ್ಗಾವಣೆ ಪತ್ರ, ತೋಟದ ಕೆಲಸದ ಯಾವುದೇ ಹಳೆಯ ಕಾಗದ, ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ತೆಗೆದುಕೊಂಡು ಬನ್ನಿ. ಮೂರೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್ ಮಾಡಿಸಬೇಕು, ಅದು ದೊಡ್ಡ ಕೆಲಸವಲ್ಲ. ವಾಪಸು ಕಳಿಸಿದ ಕಾರಣವನ್ನು ಅವರು ಬರವಣಿಗೆಯಲ್ಲಿ ಕೊಟ್ಟಿದ್ದಾರೆಯೇ ನೋಡಿ. ಕೊಟ್ಟಿಲ್ಲದಿದ್ದರೆ ಮೊದಲು ಅದನ್ನು ಕೇಳೋಣ. ಶನಿವಾರ ಮಧ್ಯಾಹ್ನ ಎರಡರ ಮೇಲೆ ಕಚೇರಿಯಲ್ಲಿರುತ್ತೇನೆ. ಅಡಕೆಹಾಳೆ ಬಳಿ ವಿಳಾಸವಿದೆ.

ಅಡಕೆಹಾಳೆ | ಡಿಸೆಂಬರ್ 11, ರಾತ್ರಿ 9:42

ಸರ್, ಒಬ್ಬರಲ್ಲ, ನಾಲ್ಕು ಜನ ಬರುತ್ತಾರೆ. ಮಧ್ಯಾಹ್ನ ಒಂದೂವರೆಯ ಬಸ್ಸಿಗೆ ನಾನೂ ಹತ್ತುತ್ತೇನೆ.